ನೀರು ಕೇಳಿದ ಬೂದಿ

ಆ ಬೂದಿಗೆ ನಾನು ತೆತ್ತದ್ದು ಒಂದು ಜೀಪು, ಒಂದು ಇಡೀ ಮಳೆಗಾಲದ ಎರಕದ ಕೆಲಸ, ಒಂದು ಸಾಲು ಕಾಫಿ ಮೂಟೆ, ಜೊತೆಗೆ ಕೆಲವು ತಿಂಗಳ ಮಟ್ಟಿಗೆ ನನ್ನ ಮೂಗು. ಜೀಪು ಮಿಲಿಟರಿ ಹರಾಜಿನಲ್ಲಿ ಬಂದದ್ದು. ನಾನೇ ಬಿಚ್ಚಿ, ಉಜ್ಜಿ, ಮತ್ತೆ ಕಟ್ಟಿ, ತುಂಬ ಜನ ಕೂತರೂ ಏರಿನಲ್ಲಿ ಉಸ್ಸೆನ್ನದಂತೆ ಮಾಡಿದ್ದ ಗಾಡಿ. ಅದನ್ನು ಕೊಟ್ಟು ಬೂದಿ ತಂದೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಬರಲಿ. ಯಾಕೆ ಕೊಟ್ಟೆ ಎಂಬುದನ್ನು ಕೇಳಿಸಿಕೊಂಡು ನಗಿ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ನಾಪೋಕ್ಲಿನಲ್ಲಿ ನನ್ನದೊಂದು ಎರಕದ ಶೆಡ್ಡಿತ್ತು. ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆ ಬೇಕಾದ ಅಲ್ಯುಮಿನಿಯಂ ಡೇಕ್ಸಿ, ಸೌಟು, ಮುಚ್ಚಳ ಎರೆದು ಕೊಡುತ್ತಿದ್ದೆ. ಗಿರಾಕಿ ಬೇಕಾದಷ್ಟು, ಲೋಹ ಮಾತ್ರ ಸಿಗದು. ಲೋಹದ ಗಟ್ಟಿಗೆ ಪರ್ಮಿಟ್ಟು ಬೇಕು, ಪರ್ಮಿಟ್ಟಿಗೆ ಮಡಿಕೇರಿಯಲ್ಲಿ ಪರಿಚಯ ಬೇಕು. ನನಗಿದ್ದ ಪರಿಚಯವೆಲ್ಲ ತೂತು ಬಿದ್ದ ಪಾತ್ರೆಗಳದ್ದು. ಹಾಗಾಗಿ ಬೇರೆಯವರು ಬಿಸಾಡಿದ್ದರಲ್ಲೇ ಲೋಹ ಹೆಕ್ಕುವುದು ನನಗೆ ರೂಢಿಯಾಗಿತ್ತು.

ಅಲ್ಯುಮಿನಿಯಂ ಕರಗಿದಾಗ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪದರ ಕಟ್ಟುತ್ತದೆ. ಎರೆಯುವ ಮೊದಲು ಅದನ್ನು ಬಾಚಿ ಹೊರಗೆ ಚೆಲ್ಲುತ್ತೇವೆ. ಅದೇ ಕಿಟ್ಟ. ತಣ್ಣಗಾದ ಮೇಲೆ ನೋಡಿದರೆ ಥೇಟ್ ಒಲೆಯ ಬೂದಿ. ಆದರೆ ಒಂದು ಹಿಡಿ ತೆಗೆದುಕೊಂಡು ಉಜ್ಜಿದರೆ ಅಕ್ಕಿ ನುಚ್ಚಿನಂಥ ಲೋಹದ ಕಾಳು ಬೆರಳಿಗೆ ತಾಗುತ್ತದೆ. ಅವಸರದಲ್ಲಿ ಕರಗಿಸುವವನು ಕಿಟ್ಟದ ಜೊತೆ ಒಳ್ಳೆಯ ಲೋಹವನ್ನೂ ಬಾಚಿ ಎಸೆದಿರುತ್ತಾನೆ. ಕಣ್ಣೂರಿನ ಕಡೆ ಒಬ್ಬ ಗುಜರಿ ಸಾಹುಕಾರ, ಅಲ್ಲಿಯವರ ಮಾತಲ್ಲಿ ಮೊದಲಾಳಿ, ಯುದ್ಧಕಾಲದ ವಿಮಾನಗಳ ತಗಡನ್ನು ಹೀಗೆ ಅವಸರದಲ್ಲಿ ಕರಗಿಸಿ, ಅಂಗಳದಲ್ಲಿ ಕಿಟ್ಟದ ಗುಡ್ಡವನ್ನೇ ಹಾಕಿದ್ದಾನೆಂದು ಕೇಳಿ ಜೀಪು ಹತ್ತಿ ಹೋದೆ.

ಗುಡ್ಡದ ಮೇಲಿನ ಬೂದಿಯನ್ನು ನಾನು ಮುಟ್ಟಲಿಲ್ಲ. ಮೇಲೆ ಯಾವಾಗಲೂ ಒಳ್ಳೆಯದನ್ನೇ ಹರಡಿರುತ್ತಾರೆ. ಮೊಣಕೈವರೆಗೆ ಕೈ ತೂರಿಸಿ ಒಳಗಿನದನ್ನು ತೆಗೆದು ಉಜ್ಜಿದೆ. ಮೂರರಲ್ಲೊಂದು ಪಾಲು ಲೋಹ ಎಂದಿತು ಬೆರಳು. ಮುಖದಲ್ಲಿ ಏನೂ ತೋರಿಸಲಿಲ್ಲ.

“ನೋಕು ಅಣ್ಣಾ, ನಲ್ಲ ಸಾಧನ, ಒಳ್ಳೇ ಮಾಲು,” ಎಂದ ಮೊದಲಾಳಿ. ಅವನ ಕಣ್ಣು ನನ್ನ ಜೀಪಿನ ಮೇಲಿತ್ತು. “ನನಗೆ ಅಂಗಳ ಖಾಲಿ ಆಗ್ಬೇಕು, ಅದಕ್ಕೇ ಕೊಡೋದು.”

“ಅಂಗಳ ಗುಡಿಸಿಕೊಡೋನಿಗೆ ಕೂಲಿ ಕೊಡೋದುಂಟು ಮೊದಲಾಳಿ, ಕೂಲಿ ಕೇಳೋದುಂಟಾ?” ಎಂದೆ ನಾನು.

ಚಹಾ ಕುಡಿದೆವು, ಎದ್ದು ಹೊರಟಂತೆ ಮಾಡಿದೆ, ಅವನು ಕರೆದ, ಮತ್ತೆ ಕೂತೆ. ಕೊನೆಗೆ ಜೀಪು ಅವನಿಗೆ, ಕಿಟ್ಟ ನನಗೆ ಎಂದಾಯಿತು. ಗೋಣಿಗೆ ತುಂಬಿಸುವುದು, ಲಾರಿ, ಘಾಟಿಯ ಬಾಡಿಗೆ ಎಲ್ಲ ಅವನ ತಲೆಗೆ. ಅಷ್ಟಕ್ಕೂ ಅವನು ಹೂಂ ಎಂದುಬಿಟ್ಟ. ಒಂದೇ ಷರತ್ತು ಹಾಕಿದ, “ಮಳೆಗೆ ಮುಂಚೆ ತೆಗೊಂಡು ಹೋಗ್ಬೇಕು. ಮಳೆ ಬಂದ್ಮೇಲೆ ಮಾತಿಲ್ಲ.” ಘಾಟಿ ರಸ್ತೆ ಕುಸಿಯುವ ಹೆದರಿಕೆ ಇರಬೇಕು ಎಂದುಕೊಂಡೆ. ಗೆದ್ದೆ ಅನ್ನಿಸಿದಾಗ ಮನುಷ್ಯ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.

ಗಡಿಯಲ್ಲಿ, ಮಾಕುಟ್ಟದ ಗೇಟಿನಲ್ಲಿ, ಕಾವಲಿನವನು ಕಬ್ಬಿಣದ ಸರಳಿನಿಂದ ಮೂಟೆಗಳನ್ನು ತಿವಿದು ನೋಡಿದ.

“ಎಂಥ ಇದು?”

“ಬೂದಿ.”

“ಬೂದಿ ತರಕ್ಕೆ ಮದ್ರಾಸ್ ರಾಜ್ಯಕ್ಕೆ ಹೋಗಿದ್ರಾ? ನಿಮ್ಮನೇಲಿ ಒಲೆ ಇಲ್ವಾ?”

ಮೂಟೆಯೊಳಗೆ ಸಾರಾಯಿ ಬಾಟಲಿ ಸಿಗಲಿಲ್ಲವೆಂಬ ಬೇಸರದಲ್ಲಿ ಬಿಟ್ಟ. ಅವತ್ತು ಬಿಸಿಲಿತ್ತು. ಕಿಟ್ಟ ಒಣಗಿತ್ತು. ಯಾವ ವಾಸನೆಯೂ ಇರಲಿಲ್ಲ.

ನನ್ನ ಶೆಡ್ಡಿನಲ್ಲಿ ಅಷ್ಟು ಮೂಟೆಗೆ ಜಾಗವಿರಲಿಲ್ಲ. ಊರಿನಿಂದ ಸ್ವಲ್ಪ ಆಚೆ ಕಾಫಿ ತೋಟವೂ ಗದ್ದೆಯೂ ಇದ್ದ ಒಬ್ಬ ಗೌಡತಿ ಇದ್ದರು. ಗಂಡ ಇಲ್ಲ, ತೋಟವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅರೆಭಾಷೆ, ನನ್ನಂಥ ಸೋಮವಾರಪೇಟೆ ಕಡೆಯವನ ಹತ್ತಿರ ಕನ್ನಡ, ಲೈನಿನವರ ಹತ್ತಿರ ಎಲ್ಲ ಸೇರಿದ್ದು. ನಮ್ಮ ‘ಉಂಟು’ ಅವರ ಬಾಯಲ್ಲಿ ‘ಉಟ್ಟು’ ಆಗುತ್ತಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರ ಕಾಫಿ ಸ್ಟೋರಿನ ಅರ್ಧ ಖಾಲಿ ಇತ್ತು. ಇನ್ನರ್ಧದಲ್ಲಿ ಆ ವರ್ಷ ಸಿಪ್ಪೆಸಮೇತ ಒಣಗಿಸಿದ ಚೆರಿ ಕಾಫಿ ಮೂಟೆಗಳು, ಕಾಫಿ ಬೋರ್ಡಿನ ಪೂಲ್ ಡಿಪೋಗೆ ಹೋಗಲು ಲಾರಿಯ ಸರದಿ ಕಾಯುತ್ತಿದ್ದವು. ನಡುವೆ ಎದೆಯೆತ್ತರದ ಹಲಗೆಯ ಅಡ್ಡ.

“ಮೂಟೇಲಿ ಎಂಥ?” ಎಂದು ಅಕ್ಕ ಕೇಳಿದರು.

“ಬೂದಿ ಅಕ್ಕ. ಅಲ್ಮಿನಿ ಬೂದಿ.”

“ನಾರ್ತದಾ?”

“ಬೂದಿ ಎಲ್ಲಾದ್ರೂ ನಾರುತ್ತಾ?”

ಮಳೆ ಆ ವರ್ಷ ಮೊದಲೇ ಇಳಿಯಿತು. ಹಿಡಿದ ಮಳೆ ಬಿಡಲಿಲ್ಲ. ಹೊಳೆ ರಸ್ತೆಗೆ ಬಂತು. ಅಕ್ಕನ ಲಾರಿ ಬರುವುದು ನಿಂತಿತು. ಆಮೇಲೆ ಒಂದು ಬೆಳಿಗ್ಗೆ ಅವರು ಕೊಡೆ ಹಿಡಿದು ನನ್ನ ಶೆಡ್ಡಿಗೇ ಬಂದರು.

“ಎಂಥ ಮಾರಾಯ ಇದ್? ನನ್ನ ಸ್ಟೋರಿನೊಳಗೆ ದನ ಕಟ್ಟಿದಂಗೆ ನಾತ. ಬೂದಿ ಅಂದೆ ಅಲ್ವಾ ನೀ? ನಿನ್ನ ಬೂದಿ ಉಚ್ಚೆ ಹುಯ್ತದಾ?”

ಹೋಗಿ ನೋಡಿದೆ. ಬಾಗಿಲು ತೆರೆದರೆ ಗಂಜಲದ ಘಾಟು. ಮಳೆಯ ತೇವ ನೆಲದಿಂದ ಏರಿ ಗೋಣಿ ಹಸಿಯಾಗಿತ್ತು. ನಮ್ಮ ಕಡೆ ತೇವಕ್ಕೂ ನಾತಕ್ಕೂ ಒಂದೇ ಮದ್ದು, ಸುಣ್ಣ. ಕೊಟ್ಟಿಗೆಗೆ ಸುಣ್ಣ, ಕಾಫಿ ಸ್ಟೋರಿನ ಮೂಲೆಗೆ ಸುಣ್ಣ, ಮಳೆಗಾಲಕ್ಕೆ ಮುಂಚೆ ಎಲ್ಲಿ ನೋಡಿದರೂ ಸುಣ್ಣ. ಬುಟ್ಟಿಗಟ್ಟಲೆ ತರಿಸಿ ಮೂಟೆಗಳ ಮಧ್ಯೆ, ಅಡಿಯಲ್ಲಿ, ಮೇಲೆ, ಎಲ್ಲ ಕಡೆ ಎರಚಿಸಿದೆ. ಅಕ್ಕನೂ “ಹಾಂ, ಈಗ ಬುದ್ಧಿ ಬಂತು” ಎಂದು ಹೋದರು.

ಮರುದಿನ ಬಾಗಿಲ ಹತ್ತಿರ ನಿಲ್ಲಲಾಗಲಿಲ್ಲ. ಕಣ್ಣು ಉರಿದು ಧಾರಾಕಾರ ನೀರು. ಮೂಟೆಗಳಿಂದ ಸುಂಯ್ ಸುಂಯ್ ಎಂಬ ಸದ್ದು. ಅಡಿಯ ಸಾಲಿಗೆ ಕೈ ಇಟ್ಟರೆ ಕಾವಿಗೆ ಕೂತ ಕೋಳಿಯ ಹೊಟ್ಟೆಯ ಹಾಗೆ ಬಿಸಿ. ಕೆಲವು ಕಡೆ ಗೋಣಿ ಸೀದು ಕಪ್ಪಾಗಿತ್ತು. ಸುಣ್ಣ ಹಾಕಿದ ಕಡೆಯಲ್ಲೇ ಹೆಚ್ಚು.

ಅಕ್ಕ ಹೊರಗೆ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರು. ಈ ಸಲ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

“ನೋಡು, ಕಾಫಿ ಅಂದ್ರೆ ಪಕ್ಕದಲ್ಲಿ ಇದ್ದ ನಾತ ಎಲ್ಲ ಎಳ್ಕೊಳ್ತದೆ. ಸೀಮೆಎಣ್ಣೆ ಡಬ್ಬ ಹತ್ರ ಇಟ್ರೂ ಡಿಪೋದವು ವಾಪಸ್ ಕಳಿಸ್ತವೆ. ನನ್ನ ವರ್ಷದ ಬೆಳೆ ಪೂರ ಅಲ್ಲೇ ಉಟ್ಟು. ಅದ್ ಹೋದ್ರೆ ಲೈನಿನವ್ಕೆ ನಾ ಎಂಥ ಕೊಡ್ಲಿ? ಬರೋ ಪಿಕ್ಕಿಂಗಿಗೆ ಒಬ್ರೂ ಬರುದಿಲ್ಲೆ.”

ಆಗ ನನಗೆ ಜೀಪಿನ ಯೋಚನೆ ಹಿಂದೆ ಸರಿಯಿತು. ಜೀಪು ಹೋದರೆ ನಾನು ನಡೆಯಬಹುದು. ಈ ಕಾಫಿ ಹೋದರೆ ಆ ತೋಟವೇ ಕೂರುತ್ತದೆ, ನಾಪೋಕ್ಲಿನಲ್ಲಿ ನನ್ನ ಕೈಯಿಂದ ಯಾರೂ ಒಂದು ಸೌಟನ್ನೂ ಕೊಳ್ಳುವುದಿಲ್ಲ.

ಹೈಸ್ಕೂಲಿನ ಸಾಯನ್ಸ್ ಮೇಷ್ಟರನ್ನು ಕರೆತಂದೆ. ಮೈಸೂರಿನವರು. ಮಳೆಯಲ್ಲಿ ಬರಲು ದುಡ್ಡಿನ ಮಾತೇ ಎತ್ತಲಿಲ್ಲ. “ನಮ್ಮನೆ ಇಡ್ಲಿ ಪಾತ್ರೆ ತಳ ಹೋಗಿದೆ ಸ್ವಾಮಿ” ಎಂದರಷ್ಟೆ. ಆಗಲಿ ಎಂದೆ. ನಾನು ಕಂಡ ಚೌಕಾಸಿಗಳಲ್ಲಿ ಅಷ್ಟು ಚೊಕ್ಕದ್ದು ಇನ್ನೊಂದಿಲ್ಲ.

ಅವರು ಜೇಬಿನಿಂದ ಒಂದು ತುಂಡು ಕೆಂಪು ಕಾಗದ ತೆಗೆದು, ಮಳೆಹನಿಗೆ ಹಿಡಿದು ಒದ್ದೆ ಮಾಡಿ, ಬಾಗಿಲ ಸಂದಿಯಲ್ಲಿ ಚಾಚಿದರು. ನೋಡನೋಡುತ್ತ ನೀಲಿಯಾಯಿತು. ಆಮೇಲೆ ಗಾಜಿನ ಕಡ್ಡಿಯನ್ನು ಒಂದು ಬಾಟಲಿಯ ಆಸಿಡ್ಡಿಗೆ ಅದ್ದಿ ಒಳಗೆ ನೀಡಿದರು. ಬೆಂಕಿಯಿಲ್ಲದೆ ಕಡ್ಡಿಯ ಸುತ್ತ ಬಿಳಿ ಹೊಗೆ ಎದ್ದಿತು.

“ಮಾಟ ಗೀಟ ಅಲ್ಲ ತಾನೆ?” ಎಂದರು ಅಕ್ಕ.

“ಅಮೋನಿಯ ತಾಯಿ. ಗಂಜಲದಲ್ಲಿ ನಾರೋದೂ ಇದೇ. ಇವರ ಬೂದಿಯೊಳಗೆ ನೈಟ್ರೈಡ್ ಇದೆ.”

ಮೆಟ್ಟಿಲ ಮೇಲೆ ಕೂತು ಮೇಷ್ಟರು ವಿವರಿಸಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಗಾಳಿಯಲ್ಲಿ ಹೆಚ್ಚಿನ ಪಾಲು ನೈಟ್ರೋಜನ್. ಅದು ಸೋಮಾರಿ ಅನಿಲ, ಸುಮ್ಮಸುಮ್ಮನೆ ಯಾರ ಜೊತೆಗೂ ಸೇರುವುದಿಲ್ಲ. ಆದರೆ ಬಾಚಿ ತೆಗೆದ ಕಿಟ್ಟವನ್ನು ಹರಡದೆ ಗುಡ್ಡೆ ಹಾಕಿದರೆ ಅದು ಒಳಗೊಳಗೇ ಕೆಂಡದ ಹಾಗೆ ಉರಿಯುತ್ತದೆ. ಗಾಳಿಯ ಆಕ್ಸಿಜನ್ ಹೊರಪದರದಲ್ಲೇ ಮುಗಿದುಹೋಗಿ, ಒಳಗಿನ ಬಿಸಿ ಲೋಹಕ್ಕೆ ನೈಟ್ರೋಜನ್ ಮಾತ್ರ ಸಿಗುತ್ತದೆ. ಆಗ ಅದನ್ನೇ ಹಿಡಿದುಕೊಳ್ಳುತ್ತದೆ. ಹೀಗೆ ಹುಟ್ಟಿದ್ದು ಅಲ್ಯುಮಿನಿಯಂ ನೈಟ್ರೈಡ್. ಒಣಗಿದ್ದಷ್ಟು ದಿನ ತೆಪ್ಪಗಿರುತ್ತದೆ. ನೀರು ತಾಗಿದರೆ ನೈಟ್ರೋಜನ್ನನ್ನು ಬಿಡುತ್ತದೆ. ಆ ನೈಟ್ರೋಜನ್ ನೀರಿನ ಹೈಡ್ರೋಜನ್ ಜೊತೆ ಕೂಡಿ ಅಮೋನಿಯವಾಗುತ್ತದೆ, ಅಲ್ಯುಮಿನಿಯಂ ಬಿಳಿ ಲೋಳೆಯಾಗಿ ಉಳಿಯುತ್ತದೆ. ಜೊತೆಗೆ ಶಾಖ.

“ಸುಣ್ಣ ಯಾಕೆ ಕೆಡಿಸ್ತು?” ಎಂದೆ.

“ಆ ಬಿಳಿ ಲೋಳೆ ಕಾಳಿನ ಸುತ್ತ ಅಂಗಿ ಹಾಗೆ ಕೂತು ನೀರನ್ನ ತಡೀತಾ ಇತ್ತು. ನೀವು ಸುಣ್ಣ ಹಾಕಿ ಅಂಗಿ ಬಿಚ್ಚಿದ್ರಿ.”

“ಬೇರೆಯವರ ಅಂಗಿ ಬಿಚ್ಚೋದು ಇವ್ನಿಗೆ ಮೊದ್ಲಿಂದ ಅಭ್ಯಾಸ,” ಎಂದರು ಅಕ್ಕ.

ಮೇಷ್ಟರ ಸಲಹೆ ಸರಳವಾಗಿತ್ತು: ಎಲ್ಲವನ್ನೂ ದೂರ ಒಯ್ದು ಗುಂಡಿ ತೋಡಿ ಸುರಿಯಿರಿ. ಎಲ್ಲಿಗೆ ಒಯ್ಯುವುದು? ರಸ್ತೆಯ ಮೇಲೆ ಹೊಳೆ. ಗುಂಡಿ ತೋಡಿದರೆ ಅದು ತುಂಬುವುದು ಮಳೆನೀರಿನಿಂದ. ಅಕ್ಕನ ತೋಟದ ಮೇಸ್ತ್ರಿ ಮಂಗಳೂರು ಕಡೆಯವನು, ಅವನು ಇನ್ನೂ ಸುಲಭದ ದಾರಿ ಹೇಳಿದ: “ಹೊಳೆಗೆ ಬಿಡುವ ಮಾರಾಯ್ರೆ. ಹೊಳೆಗೇನು, ದೊಡ್ಡ ಹೊಟ್ಟೆ ಉಂಟು.” ಬೇಡವೆಂದೆ. ಮೀನು ತೇಲಿದರೆ ಕೆಳಗಿನ ಊರಿನವರು ನನ್ನನ್ನೇ ತೇಲಿಸುತ್ತಾರೆ. ಅದಲ್ಲದೆ ಹೊಳೆಗೆ ಹೋಗುವುದು ಬರಿ ನಾತವಲ್ಲ, ನನ್ನ ಜೀಪೂ.

ಮೂಟೆಗೆ ಟಾರ್ಪಾಲು ಹೊದೆಸಿ ಮಳೆ ನಿಲ್ಲುವವರೆಗೆ ಕಾಯೋಣವೆಂದು ಒಂದು ಮನಸ್ಸು. ಆದರೆ ತೇವ ಬಂದದ್ದು ನೆಲದಿಂದ, ಗಾಳಿಯಿಂದ. ಅದಕ್ಕೆ ಟಾರ್ಪಾಲು ಎಲ್ಲಿಯದು? ಅಷ್ಟು ದಿನ ನಾನು ಅದಕ್ಕೆ ನೀರು ಸಿಗದಂತೆ ಮಾಡುವ ದಾರಿಯನ್ನೇ ಯೋಚಿಸುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಎದುರಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸನ್ನು ನೋಡುತ್ತಿದ್ದಾಗ ಯೋಚನೆ ತಿರುಗಿತು. ಇದು ನೀರು ಕೇಳುತ್ತಿದೆ, ಸಾಕೆನ್ನುವಷ್ಟು ಕೊಟ್ಟುಬಿಟ್ಟರೆ? ಎಷ್ಟು ಅಮೋನಿಯ ಇದೆಯೋ ಅಷ್ಟೂ ಬಯಲಲ್ಲಿ ಹೋಗಲಿ. ಮುಗಿದ ಮೇಲೆ ಉಳಿಯುವುದು ಲೋಹದ ಕಾಳು ಮತ್ತು ಮಣ್ಣು. ಪಲ್ಪರ್ ಹೌಸಿನ ಹಿಂದೆ ಕಾಫಿ ತೊಳೆಯುವ ಮೂರು ದೊಡ್ಡ ತೊಟ್ಟಿ, ತೊರೆಯಿಂದ ಬರುವ ಕಾಲುವೆ, ತೂಬು ಎಲ್ಲ ಇವೆ. ಕುಯ್ಲಿನ ಕಾಲದಲ್ಲಿ ಬಿಟ್ಟರೆ ಅವು ಖಾಲಿ. ನೆತ್ತಿಯ ಮೇಲೆ ಹಂಚು, ಸುತ್ತ ಗೋಡೆಯೇ ಇಲ್ಲ; ಗಾಳಿ ಹಾಯುತ್ತದೆ.

ಮೊದಲು ಸಣ್ಣದರಲ್ಲಿ ನೋಡಿದೆ. ಇದನ್ನು ನೆನಪಿಡಿ, ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಸಣ್ಣ ನಷ್ಟ ಮಾಡಿಕೊಳ್ಳಬೇಕು. ಮೂರು ಮಣ್ಣಿನ ಚಟ್ಟಿಯಲ್ಲಿ ಒಂದೊಂದು ಹಿಡಿ ಕಿಟ್ಟ. ಒಂದಕ್ಕೆ ತಣ್ಣೀರು, ಒಂದಕ್ಕೆ ಸುಣ್ಣದ ನೀರು, ಒಂದಕ್ಕೆ ಬಚ್ಚಲ ಹಂಡೆಯ ಬಿಸಿನೀರು. ತಣ್ಣೀರಿನದು ಗುಳುಗುಳು ಎನ್ನುತ್ತ ನಿಧಾನವಾಗಿ ನಾರಿತು, ಮುಗಿಯುವ ಲಕ್ಷಣ ಕಾಣಲಿಲ್ಲ. ಸುಣ್ಣದ್ದು ಉಕ್ಕಿ ಬೇಗ ಮುಗಿಯಿತು, ಆದರೆ ತೊಳೆದು ನೋಡಿದರೆ ಲೋಹದ ಕಾಳುಗಳನ್ನೂ ತಿಂದುಹಾಕಿತ್ತು. ಗೆದ್ದಲು ಹಿಡಿದ ಮರದ ಹಾಗೆ ಪುಡಿಪುಡಿ. ಬಿಸಿನೀರಿನದು ಜೋರಾಗಿ ನಾರಿ, ಅಡಗಿತು. ಕಾಳು ಉಜ್ಜಿದರೆ ಬೆಳ್ಳಿ.

ಅಕ್ಕನ ಹತ್ತಿರ ಹೋದೆ.

“ತೊಟ್ಟಿ ಬೇಕು ಅಕ್ಕ.”

“ಬಾಡಿಗೆ ಮಾತಾಡ್ಬೇಡ. ನಾ ಹೇಳ್ದಂಗೆ ಆಗ್ಬೇಕು. ಮೊದ್ಲು ನನ್ನ ಕಾಫಿ, ಆಮೇಲೆ ನಿನ್ನ ಬೂದಿ. ಒಂದೊಂದು ಮೂಟೇನೂ ನಿನ್ನ ಜನ ಹೊತ್ತು ನನ್ನ ಮನೆ ಒಳಗೆ ಇಡ್ಬೇಕು.”

“ಆಗಲಿ.”

“ಕುಯ್ಲಿಗೆ ಮುಂಚೆ ತೊಟ್ಟಿ ಉಜ್ಜಿ, ಗಾರೆ ಮಾಡ್ಸಿ ಕೊಡ್ಬೇಕು.”

“ಒಳಗಡೆ ಮಾತ್ರ ಮಾಡ್ಸಿಕೊಡ್ತೀನಿ.”

“ಒಳಗೂ ಹೊರಗೂ. ಮತ್ತೆ, ಯಾವ ಮೂಟೆ ನಾರ್ತದೋ ಅದ್ ನಿಂದು. ಡಿಪೋದಲ್ಲಿ ಏನ್ ಸಿಗ್ತಿತ್ತೋ ಅದ್ ನಂಗೆ ಕೊಟ್ಟು ನೀ ತಕೊಂಡು ಹೋಗ್ಬೇಕು.”

“ಅರ್ಧರ್ಧ ಮಾಡ್ಕಳಣ ಅಕ್ಕ. ಮಳೆ ನಾನ್ ಕರ್ದಿದ್ದಲ್ಲ.”

“ಬೂದಿ ನಾ ಕರ್ದಿದ್ದಾ?”

ಜೀವಮಾನದಲ್ಲಿ ಎಷ್ಟೋ ಜನರ ಎದುರು ಎದ್ದು ಹೊರಟಂತೆ ಮಾಡಿ ಬೆಲೆ ಇಳಿಸಿದ್ದೇನೆ. ಆ ದಿನ ಎದ್ದು ಹೋಗಲು ನನಗೆ ಜಾಗವಿರಲಿಲ್ಲ. ಒಪ್ಪಿದೆ.

ಕಾಫಿ ಹೊರುವುದರಲ್ಲಿ ಒಂದು ಹಗಲು ಹೋಯಿತು. ಮೂಟೆಗಳಿಗೆ ಟಾರ್ಪಾಲು ಸುತ್ತಿ, ಮಗುವನ್ನು ಒಯ್ಯುವ ಹಾಗೆ ಒಯ್ದೆವು. ಅಡುಗೆಮನೆಯ ಅಟ್ಟಕ್ಕೆ ಬೇಡವೆಂದರು ಅಕ್ಕ, ಹೊಗೆಯೂ ಕಾಫಿಗೆ ಶತ್ರುವೇ. ಚಾವಡಿ, ನಡುಕೋಣೆ, ಮಲಗುವ ಕೋಣೆ ಎಲ್ಲ ಕಡೆ ಮೂಟೆಗಳೇ. ಹಲಗೆಯ ಅಡ್ಡಕ್ಕೆ ತಾಗಿಕೊಂಡಿದ್ದ ಸಾಲನ್ನು ಮಾತ್ರ ಅವರು ಚಾವಡಿಯ ಹೊರಗೆ, ಸೂರಿನಡಿ ಬೇರೆಯಾಗಿ ಇಡಿಸಿದರು.

ಆಮೇಲೆ ಕಿಟ್ಟ. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿ, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ನಿಂತು ಮೊದಲ ತೊಟ್ಟಿಗೆ ಸುರಿದೆವು. ಅಷ್ಟೊಂದು ಬಿಸಿನೀರು ಎಲ್ಲಿಂದ ತರುವುದೆಂಬುದೇ ನನ್ನ ಚಿಂತೆಯಾಗಿತ್ತು. ಸುಣ್ಣ ತಿಂದು ಬಿಸಿಯಾಗಿದ್ದ ಮೂಟೆಗಳು ಅದಕ್ಕೆ ಒದಗಿಬಂದವು. ಅವನ್ನೇ ಮೊದಲು ಸುರಿದು ತೊರೆಯ ನೀರು ಬಿಟ್ಟರೆ ನೀರು ತಾನಾಗಿ ಬಿಸಿಯಾಯಿತು. ಆದರೆ ಆಸೆಗೆ ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿಬಿಟ್ಟಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದದ್ದು ಒಮ್ಮೆಲೇ ಉಕ್ಕತೊಡಗಿತು. ಬೂದುಬಣ್ಣದ ನೊರೆ ಗೋಡೆ ಹಾರಿ ನಮ್ಮ ಕಾಲಿಗೆ ಬಂತು. ಮೇಸ್ತ್ರಿ ಆಚೆ ಕಂಬಕ್ಕೆ ಒರಗಿ ನೋಡುತ್ತ ಬೀಡಿ ಹಚ್ಚಿದ್ದ. ನೊರೆಯ ಮೇಲೆ ನೀಲಿ ಜ್ವಾಲೆಯೊಂದು ಪಟ್ ಎಂದು ಓಡಿ ಆರಿತು. ಮೇಸ್ತ್ರಿಯ ಅರ್ಧ ಮೀಸೆ ಹೋಯಿತು.

“ಅಯ್ಯಯ್ಯೋ! ನೀರಿಗೆ ಬೆಂಕಿ ಬೀಳುದು ಎಲ್ಲಿಯಾದ್ರೂ ಉಂಟಾ ಮಾರಾಯ್ರೆ?”

ಮೇಷ್ಟರು ಆಮೇಲೆ ಹೇಳಿದರು, ಕಿಟ್ಟದಲ್ಲಿ ನೈಟ್ರೈಡ್ ಒಂದೇ ಅಲ್ಲ. ಉರಿಯುವ ಅನಿಲ ಬಿಡುವ ಬೇರೆ ಸರಕೂ ಇರುತ್ತದೆ, ಸುಣ್ಣ ಸೇರಿದರೆ ಲೋಹವೇ ಕರಗಿ ಹೈಡ್ರೋಜನ್ ಹೊರಡುತ್ತದೆ. ನಾಲ್ಕು ಗೋಡೆಯ ಸ್ಟೋರಿನೊಳಗೆ ಯಾರಾದರೂ ಬೀಡಿ ಹಚ್ಚಿದ್ದರೆ? ಅದನ್ನು ನಾನು ಅವತ್ತು ಅಕ್ಕನಿಗೆ ಹೇಳಲಿಲ್ಲ. ಬೀಡಿ, ಬೆಂಕಿಪೊಟ್ಟಣ ಎಲ್ಲ ಕಸಿದು ಅವರ ಮನೆಯ ಗೂಡಿನಲ್ಲಿಟ್ಟೆ, ಅಷ್ಟೆ.

ಮುಂದೆ ಕ್ರಮ ಕಲಿತೆವು. ಮೊಣಕಾಲಿನ ಮಟ್ಟಕ್ಕಿಂತ ಹೆಚ್ಚು ಕಿಟ್ಟ ಹಾಕಬಾರದು. ಕಾಫಿ ತೊಳೆಯುವ ಹಲಗೆಯಿಂದ ಆಗಾಗ ತಿರುವುತ್ತಿರಬೇಕು. ಸುಣ್ಣ ತಾಗದ ಮೂಟೆಗಳ ಸರದಿ ಬಂದಾಗ ತೊರೆಯ ತಣ್ಣೀರಿಗೆ ಅವು ಜಗ್ಗಲೇ ಇಲ್ಲ. ಒಂದಿಡೀ ಹಗಲು ಕಾದು ಕೂತೆವು. ಮೇಸ್ತ್ರಿ ಉಳಿದ ಅರ್ಧ ಮೀಸೆಯನ್ನು ತಿರುವುತ್ತ ಹೇಳಿದ, “ನಿಮ್ಮ ಬೂದಿಗೆ ಈಗ ನಿದ್ದೆ ಬಂದಿದೆ. ದೋಸೆ ಹಿಟ್ಟಿಗೆ ಹಳೇ ಹಿಟ್ಟು ಸೇರಿಸಿದ ಹಾಗೆ ಮಾಡಿ ನೋಡುವನಾ?” ತಮಾಷೆಗೆ ಹೇಳಿದ್ದು. ನನಗೆ ಸರಿಯೆನ್ನಿಸಿತು. ಉಕ್ಕಿ ಮುಗಿಯುತ್ತ ಬಂದ ಮೊದಲ ತೊಟ್ಟಿಯ ಬೆಚ್ಚನೆಯ ಘಾಟು ನೀರನ್ನು ಬಕೆಟ್ಟಿನಲ್ಲಿ ಮೊಗೆದು ಎರಡನೆಯದಕ್ಕೆ ಸುರಿದೆವು. ಸ್ವಲ್ಪ ಹೊತ್ತಿನಲ್ಲೇ ಅದು ಗುಳುಗುಟ್ಟಿತು. ಎರಡನೆಯದರ ನೀರು ಮೂರನೆಯದಕ್ಕೆ. ಆಮೇಲೆ ಹಂಡೆ, ಸೌದೆ ಯಾವುದೂ ಬೇಕಾಗಲಿಲ್ಲ. ಒಂದು ತೊಟ್ಟಿ ಇನ್ನೊಂದನ್ನು ಎಬ್ಬಿಸುತ್ತ ಹೋಯಿತು.

ತೂಬು ತೆಗೆದರೆ ಆ ನೀರು ಹೋಗುವುದು ಅಕ್ಕನ ಗದ್ದೆಯ ಕಡೆ. ಅಮೋನಿಯ ಎಂದರೆ ಗೊಬ್ಬರ ಎಂದು ಮೇಷ್ಟರು ಹೇಳಿದ್ದು ನನ್ನ ತಲೆಯಲ್ಲಿತ್ತು.

“ಅಕ್ಕ, ಸಸಿಮಡಿಗೆ ಬಿಟ್ರೆ ಪೈರು ಹೆಂಗೆ ಬರುತ್ತೆ ನೋಡಿ. ಇದ್ರ ಬೆಲೆ ಬೇಕಾದ್ರೆ ನಾರೋ ಮೂಟೇಲಿ ವಜಾ ಹಾಕ್ಕಳಿ.”

ಅವರು ಮೇಸ್ತ್ರಿಯ ಮುಖ ನೋಡಿದರು. ಅವನು ತಣ್ಣಗಾದ ನೀರಿಗೆ ಬೆರಳದ್ದಿ ನಾಲಗೆ ತುದಿಗೆ ತಾಗಿಸಿ, ಥೂ ಎಂದು ಉಗಿದ. “ಉಪ್ಪು ಅಮ್ಮ! ಮಂಗಳೂರಿನ ಸಮುದ್ರ.” ಸರಿಯೇ, ಲೋಹ ಕರಗಿಸುವಾಗ ಕಿಟ್ಟ ಬಿಡಿಸಲು ಉಪ್ಪು ಹಾಕುತ್ತೇವೆ, ಆ ಉಪ್ಪೆಲ್ಲ ಕಿಟ್ಟದಲ್ಲಿತ್ತು. ನಾನು ದಿನಾ ಮಾಡುವ ಕೆಲಸ, ನನಗೇ ಹೊಳೆದಿರಲಿಲ್ಲ. “ನನ್ನ ಸಸಿಮಡಿ ನಿನ್ನ ಚಟ್ಟಿ ಅಲ್ಲ,” ಎಂದು ಅಕ್ಕ ಮನೆಯೊಳಗೆ ಹೋದರು. ಕಾಲುವೆಗೆ ಮಣ್ಣು ಕಟ್ಟಿ ನೀರನ್ನು ಕಾಫಿ ಸಿಪ್ಪೆ ಕೊಳೆಹಾಕುವ ಹಳೆಯ ಗುಂಡಿಗೆ ತಿರುಗಿಸಿದೆವು.

ನಾತ ಅಡಗಿತೋ ಇಲ್ಲವೋ ಎಂದು ಹೇಳಲು ಅಷ್ಟರಲ್ಲಿ ನನ್ನ ಮೂಗು ಕೆಲಸಕ್ಕೆ ಬಾರದಾಗಿತ್ತು. ಮೇಷ್ಟರ ಕೆಂಪು ಕಾಗದವನ್ನೇ ನಂಬಿದೆ. ತೊಟ್ಟಿಯನ್ನು ತಿರುವಿ, ಮೇಲೆ ಕಾಗದ ಹಿಡಿದು, ನೀಲಿಯಾಗದೆ ಉಳಿದರೆ ಮಾತ್ರ ತೂಬು. ಆಮೇಲೆ ಕಾಫಿ ಬೀಜ ವಿಂಗಡಿಸುವ ಉದ್ದದ ಕಾಲುವೆಯಲ್ಲಿ ಹಲಗೆ ಅಡ್ಡ ಇಟ್ಟು ಹರಿಸಿದೆವು. ಒಳ್ಳೆಯ ಬೀಜ ತಳ ಹಿಡಿದು ಜೊಳ್ಳು ತೇಲಿ ಹೋಗುವ ಹಾಗೆಯೇ, ಬಿಳಿ ಕೆಸರು ನೀರಿನ ಜೊತೆ ಹೋಯಿತು. ಲೋಹದ ಕಾಳು ಹಲಗೆಯ ಹಿಂದೆ ನಿಂತಿತು. ತೊಳೆಯುವುದರಲ್ಲಿ ಆ ಲೈನಿನ ಹೆಂಗಸರ ಕೈ ನನಗಿಂತ ಚುರುಕು. “ಈ ವರ್ಷ ಕುಯ್ಲು ಬೇಗ ಬಂತು” ಎಂದು ನಗಾಡುತ್ತ ತೊಳೆದರು.

ಕೊನೆಯ ತೊಟ್ಟಿ ಖಾಲಿಯಾಗುವ ಹೊತ್ತಿಗೆ ಮಳೆ ಹದಕ್ಕೆ ಬಂದಿತ್ತು, ಹೊಳೆ ರಸ್ತೆ ಬಿಟ್ಟಿತ್ತು. ಲಾರಿ ಬರುತ್ತದೆಂದು ಸುದ್ದಿ ಬಂದ ದಿನ ಅಕ್ಕ ಚಾವಡಿಯಲ್ಲಿ ಪರೀಕ್ಷೆ ಇಟ್ಟರು. ಒಂದೊಂದು ಸಾಲಿನಿಂದ ಒಂದೊಂದು ಹಿಡಿ ಚೆರಿ ತೆಗೆದು, ಸಿಪ್ಪೆ ಕುಟ್ಟಿ, ಹುರಿದು, ಪುಡಿ ಮಾಡಿ, ಹಾಲೂ ಬೆಲ್ಲವೂ ಇಲ್ಲದೆ ಕಾಯಿಸಿದರು. ನಾನು ಕೈ ಚಾಚಿದೆ.

“ನಿನ್ನ ಮೂಗು ಸತ್ತುಟ್ಟು. ನೀ ಎಂಥ ಹೇಳ್ತಿಯ?” ಎಂದು ಲೋಟವನ್ನು ಮೇಸ್ತ್ರಿಗೆ ಕೊಟ್ಟರು.

ಅವರಿಬ್ಬರೂ ಕುಡಿಯುತ್ತ ಹೋದರು. ನಾನು ಮುಖಗಳನ್ನು ನೋಡುತ್ತ ನಿಂತೆ. ಎದುರಿನವನ ಮುಖ ಓದಿಯೇ ಬದುಕಿದವನು ನಾನು. ಅಕ್ಕನ ಮುಖದಲ್ಲಿ ಒಂದಕ್ಷರ ಸಿಗಲಿಲ್ಲ. ನಡುಕೋಣೆಯ ಸಾಲು ಮುಗಿಯಿತು, ಮಲಗುವ ಕೋಣೆಯದೂ ಮುಗಿಯಿತು. ಕೊನೆಗೆ ಚಾವಡಿಯ ಹೊರಗೆ ಇಟ್ಟಿದ್ದ ಸಾಲು. ಮೇಸ್ತ್ರಿ ಒಂದು ಗುಟುಕು ಕುಡಿದು, ಎದ್ದು ಹೋಗಿ ಅಂಗಳದಲ್ಲಿ ಉಗಿದು ಬಂದ.

“ಇದ್ ನಿಂದು,” ಎಂದರು ಅಕ್ಕ. “ಮಿಕ್ಕಿದ್ದ್ ನಂದು.”

ಅವರು ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡದ್ದನ್ನು ಕಂಡಾಗಲೇ ಅವರೆಷ್ಟು ಹೆದರಿದ್ದರೆಂದು ನನಗೆ ಗೊತ್ತಾದದ್ದು. ಡಿಪೋಗೆ ನಾನೂ ಲಾರಿಯಲ್ಲಿ ಹೋದೆ. ಅಲ್ಲಿಯವನು ಮೂಟೆಗೆ ಕೊಳವೆ ಚುಚ್ಚಿ, ಕಾಳು ಅಂಗೈಗೆ ಸುರಿದು, ಮೂಸಿ, ಮುಂದಿನದಕ್ಕೆ ಹೋದ. ಕೊನೆಯ ಮೂಟೆಯವರೆಗೂ ಹಾಗೆಯೇ. ನನ್ನ ಸಾಲನ್ನು ನನ್ನ ಮನೆಯಲ್ಲೇ ಕುಡಿದು ಮುಗಿಸಿದೆವು. ಹೆಂಡತಿ ಬೈದಳು, ನನಗೇನೂ ತಿಳಿಯಲಿಲ್ಲ.

ಕಾಳನ್ನು ಕಬ್ಬಿಣದ ತಗಡಿನ ಮೇಲೆ ಚೆನ್ನಾಗಿ ಹುರಿದು ಒಣಗಿಸಿಯೇ ಕರಗಿಸುವ ಮೂಸೆಗೆ ಹಾಕಿದೆ. ಮೂರರಲ್ಲೊಂದು ಎಂದಿದ್ದ ನನ್ನ ಬೆರಳು ಸುಳ್ಳು ಹೇಳಿತ್ತು. ಅದಕ್ಕಿಂತ ಬಹಳ ಕಡಿಮೆ ಬಂತು. ಆದರೂ ಒಳ್ಳೆಯ ಲೋಹ. ಮೊದಲು ಎರೆದದ್ದು ಮೇಷ್ಟರ ಇಡ್ಲಿ ಪಾತ್ರೆ.

ನೀವೂ ಹಳೆ ಲೋಹದ ವ್ಯಾಪಾರಕ್ಕೆ ಇಳಿಯುವವರಾದರೆ ನನ್ನ ಮಾತು ಕೇಳಿ. ಕಿಟ್ಟ ಕೊಳ್ಳಬೇಡಿ ಎನ್ನುವುದಿಲ್ಲ, ಅದರಲ್ಲಿ ಅನ್ನವಿದೆ. ಅದನ್ನು ತಿನ್ನುವ ಉಣ್ಣುವ ಯಾವ ವಸ್ತುವಿನ ಪಕ್ಕದಲ್ಲೂ ಇಡಬೇಡಿ. ನಾರತೊಡಗಿದರೆ ಮುಚ್ಚಬೇಡಿ, ಸುಣ್ಣ ಹಾಕಬೇಡಿ. ಬಯಲಿಗೆ ತಂದು, ಬೀಡಿ ಆರಿಸಿ, ಸ್ವಲ್ಪಸ್ವಲ್ಪವೇ ನೀರಿಗೆ ಹಾಕಿ ಮುಗಿಸಿಬಿಡಿ. ತೊಳೆದ ಕಾಳಿನಲ್ಲಿ ಒಂದು ಹನಿ ನೀರಿದ್ದರೂ ಕರಗಿದ ಲೋಹಕ್ಕೆ ಹಾಕಬೇಡಿ, ಸಿಡಿಯುತ್ತದೆ. ಜಾಗ ಕೊಟ್ಟವರಿಗೆ ಮೂಟೆಯಲ್ಲಿ ಏನಿದೆಯೆಂದು ಪೂರ್ತಿ ಹೇಳಿ. ನಿಮಗೇ ಪೂರ್ತಿ ಗೊತ್ತಿಲ್ಲದಿದ್ದರೆ ಅದನ್ನೂ ಹೇಳಿ. ಇನ್ನು ಕೊಳ್ಳುವ ಹೊತ್ತಿನಲ್ಲಿ, ಬೆಲೆಯ ಮಾತಿಗೆ ಮುಂಚೆ, ಮಾರುವವನ ಹತ್ತಿರ ಒಂದು ಲೋಟ ಬಿಸಿನೀರು ಕೇಳಿ. ಗುಡ್ಡೆಯ ಒಳಗಿನಿಂದ ಒಂದು ಹಿಡಿ ತೆಗೆದು ಅದಕ್ಕೆ ಹಾಕಿ, ಚಹಾ ಮುಗಿಯುವವರೆಗೆ ಕಾದು ಮೂಸಿ. ಬಿಸಿನೀರು ಯಾಕೆಂದು ಅವನು ಕೇಳಿದರೆ ಚಹಾ ಕುಡಿಯುತ್ತ ಕೂತಿರಿ, ಅವನಿಗೂ ಗೊತ್ತಿಲ್ಲ. ಕೇಳದೆ, ನನ್ನ ಮೊದಲಾಳಿ ಮಳೆಯ ಮಾತೆತ್ತಿದ ಹಾಗೆ ಬೇರೆ ಮಾತು ತೆಗೆದರೆ ಎದ್ದುಬಿಡಿ, ಕರೆದರೂ ಕೂರಬೇಡಿ.